ತಾಮ್ರದ ಕೊಡ ಮತ್ತು ಐದನೆಯ ಪುಟ

ಪೇಪರನ್ನು ನಾನು ಮೊದಲ ಪುಟದಿಂದ ಓದುವವಳಲ್ಲ. ಕೈಗೆ ಬಂದ ಕೂಡಲೇ ಒಳಹಾಳೆ ಎಳೆದು ಐದನೆಯ ಪುಟಕ್ಕೆ ಹೋಗುತ್ತೇನೆ. ‘ಒಂದನೇ ಪುಟದಿಂದ’ ಎಂದು ಸಣ್ಣಕ್ಷರದಲ್ಲಿ ಹಾಕಿ ಸುದ್ದಿಗಳ ಬಾಲವನ್ನೆಲ್ಲ ಅಲ್ಲಿ ಗುಡ್ಡೆ ಹಾಕಿರುತ್ತಾರಲ್ಲ, ಅವನ್ನು ಓದಿ ಮುಗಿಸಿ ಆಮೇಲೆ ತಲೆಗಳ ಕಡೆ ಬರುತ್ತೇನೆ. ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಇದೊಂದು ತಮಾಷೆ. ನಾನು ಜೇವರ್ಗಿಗೆ ವರ್ಗವಾಗಿ ಬಂದ ಹೊಸದರಲ್ಲಿ ನಮ್ಮ ಹೆಡ್‌ಮಾಸ್ತರರು, ಈಕೆ ಉರ್ದು ಶಾಲೆಯಲ್ಲಿ ಕಲಿತವಳಿರಬೇಕು, ಅದಕ್ಕೇ ಹಿಂದಿನಿಂದ ಶುರು ಮಾಡುತ್ತಾಳೆ ಎಂದುಕೊಂಡಿದ್ದರಂತೆ. ಉರ್ದು ಕಲಿತದ್ದು ನಾನಲ್ಲ, ನನ್ನ ಅಪ್ಪ. ಆದರೆ ಈ ಚಟ ಹತ್ತಿದ್ದು ಅವನ ದೆಸೆಯಿಂದಲೇ.

ಮೊನ್ನೆ ಪ್ರಾರ್ಥನೆಯ ಹೊತ್ತಿಗೆ ಹೆಡ್‌ಮಾಸ್ತರರು ಪೇಪರಿನ ತುಂಡೊಂದನ್ನು ನನ್ನ ಕೈಗಿಟ್ಟು ಮಕ್ಕಳಿಗೆ ಓದಿ ಹೇಳಿ ಎಂದರು. ಪ್ಲಾಸ್ಟಿಕ್ ಬಾಟಲಿಯ ನೀರು ಕುಡಿದರೆ ಏನೇನು ರೋಗ ಬರುತ್ತದೆ ಎಂಬ ಸುದ್ದಿ. ಹೆಬ್ಬೆರಳ ಗಾತ್ರದ ಅಕ್ಷರ, ಪಕ್ಕದಲ್ಲಿ ತಲೆಬುರುಡೆಯ ಚಿತ್ರ. ಹದಿನೈದು ದಿನದ ಹಿಂದೆ ಇದೇ ಪೇಪರಿನಲ್ಲಿ, ಶಾಲೆಯ ತೊಟ್ಟಿಯ ನೀರು ನಂಬಬೇಡಿ, ಮಕ್ಕಳಿಗೆ ಕುದಿಸಿ ಆರಿಸಿದ ನೀರನ್ನು ಬಾಟಲಿಯಲ್ಲಿ ಕೊಟ್ಟು ಕಳಿಸಿ ಎಂದು ಬಂದಿತ್ತು. ಅದನ್ನೂ ನಾವೇ ಓದಿ ಹೇಳಿದ್ದೆವು. ತಾಯಂದಿರು ಸಂತೆಗೆ ಹೋಗಿ ಬಾಟಲಿ ತಂದಿದ್ದರು. ಈಗ ಮಕ್ಕಳೆಲ್ಲ ಕೊರಳಿಗೆ ಕೆಂಪು ಹಸಿರು ಬಾಟಲಿ ತೂಗುಹಾಕಿಕೊಂಡು ನನ್ನ ಮುಂದೆ ಸಾಲಾಗಿ ನಿಂತಿದ್ದವು. ತುಂಡಿನ ಕೊನೆಯ ಸಾಲು ಅರ್ಧಕ್ಕೆ ಕಡಿದಿತ್ತು. ಉಳಿದದ್ದೆಲ್ಲಿ ಎಂದು ಕೇಳಿದೆ. “ಅದು ಮನ್ಯಾಗ ಅದರಿ ಟೀಚರ್. ಇಷ್ಟ ಸಾಕಲ್ಲ,” ಎಂದರು. ಸಾಲದು ಸರ್ ಎಂದು ತುಂಡನ್ನು ಅವರ ಕೈಗೇ ಮರಳಿ ಕೊಟ್ಟೆ. ಅಂದಿನಿಂದ ಅವರು ನನ್ನ ಜೊತೆ ಮಾತು ಬಿಟ್ಟಿದ್ದಾರೆ. ಯಾಕೆ ಓದಲಿಲ್ಲ ಎಂದು ಅವರಿಗೆ ಹೇಳುವ ಮನಸ್ಸಾಗಲಿಲ್ಲ. ನಿಮಗೆ ಹೇಳುತ್ತೇನೆ.

ನಮ್ಮೂರು ಆಳಂದ ತಾಲ್ಲೂಕಿನಲ್ಲಿ, ಸರಸಂಬಾದ ಆಚೆ ರಸ್ತೆಯಿಂದ ಒಳಗೆ ಬಿದ್ದಿರುವ ಸಣ್ಣ ಊರು. ನಾನು ಹುಡುಗಿಯಾಗಿದ್ದಾಗ ಅಲ್ಲಿಗೆ ದಿನಕ್ಕೆ ಒಂದೇ ಪೇಪರ್ ಬರುತ್ತಿತ್ತು. ಆ ಒಂದು ಪೇಪರಿಗೆ ಇಬ್ಬರು ಒಡೆಯರು: ನನ್ನ ಅಪ್ಪ ಗುರುಲಿಂಗಪ್ಪ, ಮತ್ತು ಕಿರಾಣಿ ಅಂಗಡಿಯ ಸಿದ್ರಾಮಪ್ಪ. ಹೊಲವನ್ನು ಪಾಲಿಗೆ ಮಾಡುವ ಊರಿನಲ್ಲಿ ಪೇಪರನ್ನೂ ಪಾಲಿಗೆ ಮಾಡಿದ್ದರು. ಎಂಟು ಪುಟ, ಎರಡು ಹಾಳೆ. ಹೊರಹಾಳೆ ನಮಗೆ, ಒಳಹಾಳೆ ಅಂಗಡಿಗೆ; ತೊಗರಿ ಜೋಳದ ಧಾರಣೆ ಒಳಗೆ ಇರುತ್ತಿದ್ದರಿಂದ ಸಿದ್ರಾಮಪ್ಪನಿಗೆ ಬೇಕಾದದ್ದು ಅದೇ. ಮರುದಿನ ಬೆಳಿಗ್ಗೆ ಅದಲುಬದಲು ಮಾಡಿಕೊಳ್ಳಬೇಕು ಎಂದು ಮಾತಾಗಿತ್ತು. ಬೆಳಗಾಗಿ ನಾನು ಅಂಗಡಿಗೆ ಓಡುವಷ್ಟರಲ್ಲಿ ಒಳಹಾಳೆ ಸಾಸಿವೆ ಜೀರಿಗೆಯ ಪೊಟ್ಟಣವಾಗಿ ಊರೆಲ್ಲ ಹಂಚಿಹೋಗಿರುತ್ತಿತ್ತು. ಜಗಳ ಮಾಡುವುದು ಅಪ್ಪನ ಘನತೆಗೆ ಒಗ್ಗುತ್ತಿರಲಿಲ್ಲ.

ಹೀಗಾಗಿ ನಮ್ಮ ಮನೆಯಲ್ಲಿ ಯಾವ ಕೊಲೆಗಾರನೂ ಸಿಕ್ಕಿಬೀಳಲಿಲ್ಲ. ಸಿಕ್ಕಿದ್ದರೆ ಐದನೆಯ ಪುಟದಲ್ಲಿ ಸಿಕ್ಕಿರಬೇಕು. ಚಂಡಮಾರುತ ಹೊರಟಿತು, ದಡ ಮುಟ್ಟಲಿಲ್ಲ. ಮುಷ್ಕರ ಶುರುವಾಯಿತು, ಮುಗಿಯಲಿಲ್ಲ. ಸುದ್ದಿ ಎಂದರೆ ಹೆದರಿಸಿ ಅರ್ಧಕ್ಕೆ ಬಿಡುವ ವಸ್ತು ಎಂದು ನಾನು ಬಹಳ ದಿನ ತಿಳಿದಿದ್ದೆ. ಪೇಪರ್ ಬರೆಯುವವರಿಗೆ ಒಂದು ಪದ್ಧತಿ ಇದೆ, ನಿಮಗೂ ಗೊತ್ತಿರಬಹುದು: ಹೆದರಿಕೆಯನ್ನೆಲ್ಲ ಮುಂದಿನ ಪುಟಕ್ಕೆ ತುಂಬುತ್ತಾರೆ, ‘ಆದರೆ’ ಎನ್ನುವುದನ್ನು ಒಳಗೆ ತಳ್ಳುತ್ತಾರೆ. ನಮ್ಮ ಊರಿನ ‘ಆದರೆ’ಗಳೆಲ್ಲ ಸಿದ್ರಾಮಪ್ಪನ ಅಂಗಡಿಯಲ್ಲಿ ಜೀರಿಗೆ ಕಟ್ಟುತ್ತಿದ್ದವು.

ಇನ್ನು ಅಪ್ಪ. ನಿಜಾಮನ ಕಾಲದಲ್ಲಿ ಆಳಂದದಲ್ಲಿ ಉರ್ದುವಿನಲ್ಲಿ ಏಳನೆಯ ಇಯತ್ತೆ ಮುಗಿಸಿದವನು. ಅರ್ಜಿ, ದಸ್ತಾವೇಜು ಏನಿದ್ದರೂ ಸರಸರ ಬರೆದುಕೊಡುತ್ತಿದ್ದನಂತೆ. ರಾಜ್ಯ ಬದಲಾಗಿ ಕಚೇರಿಯೆಲ್ಲ ಕನ್ನಡವಾದಾಗ ಊರಿನ ದೊಡ್ಡ ಓದುಗ ನೋಡನೋಡುತ್ತ ಓದು ಬಾರದವನಾಗಿಬಿಟ್ಟ. ಇದನ್ನು ಅವನು ಯಾರಿಗೂ ಹೇಳಲಿಲ್ಲ, ಊರು ಕೇಳಲೂ ಇಲ್ಲ. ಹೊರಹಾಳೆಯನ್ನು ಎದುರಿಗೆ ಅಗಲವಾಗಿ ಹಿಡಿದು ಒಂದಷ್ಟು ಹೊತ್ತು ಕೂತು, ಚಾಳೀಸಿನ ಗಾಜು ಮಂಜಾಗಿದೆ ಎಂದು ನನ್ನನ್ನು ಕರೆಯುತ್ತಿದ್ದ. ನಾನು ಓದುತ್ತಿದ್ದೆ, ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಸಂಜೆ ಚಾವಡಿ ಕಟ್ಟೆಯ ಮೇಲೆ ಅದನ್ನೇ ತಾನು ಓದಿದಂತೆ ಹೇಳುತ್ತಿದ್ದ, ನನಗಿಂತ ಚೆನ್ನಾಗಿ ಹೇಳುತ್ತಿದ್ದ. ಈ ಗುಟ್ಟು ನನಗೂ ಅವ್ವನಿಗೂ ಮಾತ್ರ ಗೊತ್ತಿತ್ತು. ನನಗಾಗ ಹನ್ನೆರಡು ವರ್ಷ. ಇಷ್ಟು ದೊಡ್ಡ ಮನುಷ್ಯನ ಕಣ್ಣು ನಾನು ಎಂಬ ಸೊಕ್ಕು ಬಹಳವಿತ್ತು.

ಅವ್ವನ ಲೋಕವೇ ಬೇರೆ. ಅದು ನೀರಿನ ಲೋಕ. ಊರಿಗೆ ಸಿಹಿನೀರಿನ ಬಾವಿ ಒಂದೇ, ಹಳ್ಳದ ಆಚೆ. ಇಳಿದು ಹತ್ತಿ ಬರಬೇಕು. ಅಫಜಲಪುರದ ಕಡೆಯ ತವರಿನಿಂದ ಬಂದ ಅವಳ ತಾಮ್ರದ ಕೊಡ ಖಾಲಿ ಇದ್ದಾಗಲೇ ನನ್ನ ಒಂದು ಕೈಗೆ ಎತ್ತಲಾಗುತ್ತಿರಲಿಲ್ಲ. ತುಂಬಿದ ಮೇಲೆ ಇನ್ನೊಬ್ಬ ಹೆಂಗಸು ಕೈ ಕೊಟ್ಟರೇ ಅದು ನೆಲ ಬಿಟ್ಟು ತಲೆಯ ಸಿಂಬಿಯ ಮೇಲೆ ಕೂರುತ್ತಿತ್ತು. ಮನೆಯ ಎರಡು ಮಣ್ಣಿನ ಹರವಿ ತುಂಬಲು ಬೆಳಿಗ್ಗೆ ಐದು ಖೇಪು, ಸಂಜೆ ಮೂರು. ಹುಣಸೆಹಣ್ಣು ಹಚ್ಚಿ ತಿಕ್ಕಿದ ಆ ಕೊಡ ನಮ್ಮ ಮನೆಯ ಮರ್ಯಾದೆ ಎಂದು ಅಪ್ಪ ಹೇಳುತ್ತಿದ್ದ. ಹೊರುತ್ತಿದ್ದವಳು ಅವ್ವ.

ಒಂದು ದಿನ ಹಳೆಯ ಬಟ್ಟೆಗೆ ಪಾತ್ರೆ ಕೊಡುವ ಹೆಂಗಸು ಬುಟ್ಟಿ ಹೊತ್ತುಕೊಂಡು ಬಂದಳು. ಬುಟ್ಟಿಯ ಮೇಲೆ ಕಿತ್ತಳೆ ಬಣ್ಣದ ಪ್ಲಾಸ್ಟಿಕ್ ಕೊಡ. ಅವ್ವ ಅದನ್ನು ಎರಡೇ ಬೆರಳಿನಲ್ಲಿ ಎತ್ತಿ ನೋಡಿದಳು. ಇಳಿಸಿ ಮತ್ತೊಮ್ಮೆ ಎತ್ತಿದಳು. ಒಳಗೆ ಹೋಗಿ ಟ್ರಂಕಿನಿಂದ ಅಪ್ಪನ ಮದುವೆಯ ಶೇರವಾನಿ ತಂದು ಬುಟ್ಟಿಗೆ ಹಾಕಿದಳು. ಅಪ್ಪ ಉರ್ದು ಓದುತ್ತಿದ್ದ ಕಾಲದ ಕೊನೆಯ ಗುರುತು ಅದು. ಸಂಜೆ ವಿಷಯ ತಿಳಿದು ಅವನ ಮುಖ ಇಳಿದುಹೋಯಿತು. ಅವ್ವ ಮಾತ್ರ ತಣ್ಣಗೆ, “ನುಸಿ ತಿಂದ ಕೋಟು ನೀರು ತರ್ತದೇನ್ರಿ? ಇದು ತರ್ತದ,” ಎಂದಳು. ಅಪ್ಪನಿಗೂ ಪ್ಲಾಸ್ಟಿಕ್ಕಿಗೂ ಅಂದೇ ವೈರ ಹುಟ್ಟಿತು. ಪೇಪರು ಆಮೇಲೆ ಬಂದು ಆ ವೈರಕ್ಕೆ ಕಾರಣ ಒದಗಿಸಿತು, ಅಷ್ಟೆ.

ಆ ಒಂದೆರಡು ವರ್ಷ ಪೇಪರಿನವರು ಆಡಿದ ಆಟ ಇವತ್ತಿಗೂ ನನಗೆ ನೆನಪಿದೆ. ಬಣ್ಣದ ಪ್ಲಾಸ್ಟಿಕ್ಕಿನ ಬಣ್ಣ ನೀರಿಗಿಳಿಯುತ್ತದೆ ಎಂದು ಬಂತು. ಕಿತ್ತಳೆ ಕೊಡ ದನದ ಕೊಟ್ಟಿಗೆಗೆ ಹೋಯಿತು, ತಾಮ್ರದ ಕೊಡ ಅವ್ವನ ತಲೆಗೇರಿತು. ರೇಡಿಯೋದ ಮಹಿಳೆಯರ ಕಾರ್ಯಕ್ರಮದಲ್ಲಿ ಯಾರೋ ಒಬ್ಬಾಕೆ, ಹಗುರ, ಸ್ವಚ್ಛ, ತೊಳೆಯಲು ಸುಲಭ ಎಂದಳು. ಕೊಡ ಕೊಟ್ಟಿಗೆಯಿಂದ ಒಳಗೆ ಬಂತು. ಪ್ಲಾಸ್ಟಿಕ್ಕಿನಲ್ಲಿ ರಾತ್ರಿಯಿಡೀ ಇಟ್ಟ ನೀರು ಒಳ್ಳೆಯದಲ್ಲ ಎಂದು ಬಂತು, ಮತ್ತೆ ಕೊಟ್ಟಿಗೆ. ಹಾಗೆ ಬಂದ ದಿನವೇ ಎಂಟನೆಯ ಪುಟದಲ್ಲಿ ಹೆಂಗಸೊಬ್ಬಳು ಸೊಂಟದ ಮೇಲೆ ಪ್ಲಾಸ್ಟಿಕ್ ಕೊಡ ಇಟ್ಟುಕೊಂಡು ನಗುತ್ತಿರುವ ಜಾಹೀರಾತು. ಅಪ್ಪನಿಗೆ ನಾನು ಜಾಹೀರಾತು ಓದಿ ಹೇಳುತ್ತಿರಲಿಲ್ಲ. ಕೊಟ್ಟಿಗೆಯಲ್ಲಿದ್ದಾಗೆಲ್ಲ ಆ ಕೊಡದ ನೀರನ್ನು ಎಮ್ಮೆ ಕುಡಿಯುತ್ತಿತ್ತು, ದಿನದಿನಕ್ಕೆ ದಪ್ಪವಾಗುತ್ತಿತ್ತು. “ಎಮ್ಮಿ ಪೇಪರ್ ಓದಂಗಿಲ್ಲ, ಅದಕ್ಕ ಆರಾಮ ಅದ,” ಎಂದು ಅವ್ವ ಒಮ್ಮೆ ಒಲೆಯ ಮುಂದೆ ಕೂತು ಹೇಳಿದ್ದಳು. ನಾನು ನಕ್ಕಿದ್ದೆ. ಒಂದೊಂದು ಸುದ್ದಿಗೂ ಅವಳ ತಲೆಯ ಮೇಲಿನ ಭಾರ ಏರಿಳಿಯುತ್ತಿತ್ತು ಎಂಬುದು ನನ್ನ ತಲೆಗೆ ಹೋಗಿರಲಿಲ್ಲ.

ಅಷ್ಟರಲ್ಲಿ ನನ್ನ ತಮ್ಮ ಹುಟ್ಟಿದ. ನನಗೂ ಅವನಿಗೂ ಬಹಳ ಅಂತರ. ಅವ್ವನಿಗೆ ವಯಸ್ಸಾದ ಮೇಲಿನ ಹೆರಿಗೆ, ಕಷ್ಟದ ಹೆರಿಗೆ. ಸೂಲಗಿತ್ತಿ ನೀಲಮ್ಮಜ್ಜಿ ಹೋಗುವಾಗ ಹೊಸ್ತಿಲಲ್ಲಿ ನಿಂತು, ಮೈ ಇನ್ನೂ ಹಸಿ ಇದೆ, ಈ ವರ್ಷ ತಾಮ್ರದ ಕೊಡ ಮುಟ್ಟಬೇಡ ಎಂದು ಗದರಿಸಿ ಹೋಗಿದ್ದಳು. ಬಾಣಂತನ ಮುಗಿಸಿ ಅವ್ವ ಕಿತ್ತಳೆ ಕೊಡವನ್ನೇ ತೆಗೆದುಕೊಂಡು ಬಾವಿಗೆ ಹೊರಟಳು, ಅದರಲ್ಲೂ ಮುಕ್ಕಾಲು ಕೊಡ ನೀರು. ಅಪ್ಪ ಮುಖ ಗಂಟು ಹಾಕಿಕೊಂಡಿದ್ದ, ಆದರೆ ತಡೆಯಲಿಲ್ಲ.

ಸುದ್ದಿ ಬಂದದ್ದು ಆಗ. ಒಂದನೆಯ ಪುಟದ ಕೆಳಭಾಗದಲ್ಲಿ, ಚೌಕಟ್ಟು ಹಾಕಿ. ಪ್ಲಾಸ್ಟಿಕ್ ಪಾತ್ರೆಯಿಂದ ನೀರಿಗೆ ವಿಷ ಇಳಿಯುತ್ತದೆ. ಆ ನೀರು ಕುಡಿದ ತಾಯಿಯಿಂದ ಎದೆಹಾಲಿಗೆ, ಎದೆಹಾಲಿನಿಂದ ಕೂಸಿಗೆ ಹೋಗುತ್ತದೆ ಎಂದು ತಜ್ಞರು ಹೆದರುತ್ತಾರೆ ಎಂದಿತ್ತು. ಆಮೇಲೆ ‘ಐದನೇ ಪುಟಕ್ಕೆ’.

ನಾನು ಹೇಗೆ ಓದಿದೆ ಎಂದು ಹೇಳಿಬಿಡುತ್ತೇನೆ. ರೇಡಿಯೋದಲ್ಲಿ ವಾರ್ತೆ ಓದುವ ಹೆಂಗಸಿನ ಧಾಟಿಯನ್ನು ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಅಭ್ಯಾಸ ಮಾಡಿದ್ದವಳು ನಾನು. ‘ವಿಷ’ ಎನ್ನುವಲ್ಲಿ ನಿಲ್ಲಿಸಿ ಉಸಿರೆಳೆದುಕೊಂಡೆ. ‘ಕೂಸು’ ಎನ್ನುವಲ್ಲಿ ದನಿ ನಡುಗಿಸಿದೆ. ಅಪ್ಪ ಕಣ್ಣು ತೆರೆದು, “ಇನ್ನೊಮ್ಮಿ ಓದು,” ಎಂದ. ಇನ್ನೂ ಚೆನ್ನಾಗಿ ಓದಿದೆ. ಅಡುಗೆಮನೆಯ ಬಾಗಿಲಲ್ಲಿ ಅವ್ವ ತಮ್ಮನನ್ನು ಎದೆಗೆ ಹಾಕಿಕೊಂಡು ನಿಂತಿದ್ದಳು. ನಾನು ಓದುತ್ತಿದ್ದಂತೆ ಅವಳು ಕೂಸಿನ ಬಾಯಿಂದ ಮೊಲೆ ಬಿಡಿಸಿದಳು. ಅದು ಅಳತೊಡಗಿತು. ಅಪ್ಪ ಬೈಯಲಿಲ್ಲ, ಬೇಡ ಎನ್ನಲೂ ಇಲ್ಲ; ಅದರ ಅಗತ್ಯವೇ ಬೀಳಲಿಲ್ಲ. ಮರುದಿನ ಬೆಳಿಗ್ಗೆ ಅವ್ವ ತಾನೇ ಹೋಗಿ ತಾಮ್ರದ ಕೊಡ ಇಳಿಸಿ, ಹುಣಸೆಹಣ್ಣು ಹಚ್ಚಿ ತಿಕ್ಕಿ, ಬಾವಿಗೆ ಹೊರಟಳು.

ಚಾವಡಿ ಕಟ್ಟೆಯ ಮೇಲೆ ಅಪ್ಪನ ಮಾತು ಅಂದು ಬಹಳ ನಡೆಯಿತು. ಎದೆಹಾಲಿನ ವಿಷಯ ಕೇಳಿ ಇನ್ನೂ ಮೂರ್ನಾಲ್ಕು ಮನೆಯವರು ಪ್ಲಾಸ್ಟಿಕ್ ಕೊಡ ಮೂಲೆಗಿಟ್ಟರು. ಗುರುಲಿಂಗಪ್ಪ ಪೇಪರ್ ಓದಿದ್ದಕ್ಕೆ ನಮ್ಮ ಮಕ್ಕಳು ಬದುಕಿದವು ಎಂದು ಗೌಡರೊಬ್ಬರು ಎಲ್ಲರೆದುರು ಹೇಳಿದರಂತೆ. ಅಪ್ಪ ಮನೆಗೆ ಬಂದವನು ನನ್ನ ತಲೆಯ ಮೇಲೆ ಕೈಯಿಟ್ಟ. ಅಷ್ಟು ಸಂತೋಷವಾಗಿ ಅವನನ್ನು ನಾನು ನೋಡಿದ್ದೇ ಇಲ್ಲ.

ಐದಾರು ದಿನ ಕಳೆದ ಮೇಲೆ ಅಂಗಡಿಯಿಂದ ಬೆಲ್ಲ ಬಂತು. ಅವ್ವ ಒಲೆಯ ಮುಂದೆ ಪೊಟ್ಟಣ ಬಿಚ್ಚಿ ಬೆಲ್ಲವನ್ನು ಡಬ್ಬಿಗೆ ಹಾಕಿ, ಕಾಗದವನ್ನು ನನಗೆ ಕೊಟ್ಟಳು. ಅಂಟಿಕೊಂಡ ಬೆಲ್ಲ ನೆಕ್ಕುವುದು ನನ್ನ ಹಕ್ಕಾಗಿತ್ತು. ನೆಕ್ಕುತ್ತ ನೆಕ್ಕುತ್ತ ಕಣ್ಣು ಅಕ್ಷರದ ಮೇಲೆ ಹೋಯಿತು. ‘ಒಂದನೇ ಪುಟದಿಂದ’. ಅದರ ಕೆಳಗಿನ ಮೊದಲ ಮಾತೇ ‘ಆದರೆ’. ಆದರೆ ಈ ಭಯ ರಾಸಾಯನಿಕ ತುಂಬಿದ್ದ ಹಳೆಯ ಡಬ್ಬಿಗಳನ್ನು ಕರಗಿಸಿ ಮಾಡಿದ ಪಾತ್ರೆಗಳದ್ದು, ಅವುಗಳಲ್ಲಿ ಕುದಿಯುವ ಪದಾರ್ಥ ಹಾಕಿಟ್ಟಾಗಿನದ್ದು; ಮನೆಯಲ್ಲಿ ತಣ್ಣೀರು ತುಂಬಿಡುವ ಸಾಧಾರಣ ಕೊಡದಿಂದ ಹಾಗಾಗುತ್ತದೆ ಎನ್ನಲು ಆಧಾರವಿಲ್ಲ, ತಾಯಂದಿರು ಗಾಬರಿಯಾಗಬಾರದು ಎಂದು ಅದೇ ತಜ್ಞರು ಹೇಳಿದ್ದರು. ಕೊನೆಯ ಸಾಲಿನ ಮೇಲೆ ಬೆಲ್ಲದ ಕರಿ ಕಲೆ ಇತ್ತು.

ನಾನು ಎರಡು ಸಲ ಓದಿದೆ. ಆಮೇಲೆ ಆ ಕಾಗದವನ್ನು ಮುದುಡಿ ಒಲೆಗೆ ಹಾಕಿದೆ.

ಅಪ್ಪನ ಮರ್ಯಾದೆಗಾಗಿ ಹಾಗೆ ಮಾಡಿದೆ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಸುದ್ದಿ ಅರ್ಧವಾಗಿತ್ತು ಎಂದು ಗೊತ್ತಾದರೆ ಉಳಿದರ್ಧ ಯಾಕೆ ಓದಲಿಲ್ಲ ಎಂದು ಕಟ್ಟೆಯವರು ಕೇಳುತ್ತಾರೆ, ಒಂದರಿಂದ ಇನ್ನೊಂದಕ್ಕೆ ಹೋಗಿ ಅವನಿಗೆ ಕನ್ನಡ ಓದಲು ಬರುವುದಿಲ್ಲ ಎಂಬಲ್ಲಿಗೆ ಮುಟ್ಟುತ್ತದೆ. ಇದು ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ನನ್ನ ತಲೆಯ ಮೇಲೆ ಬಂದು ಕೂತ ಆ ಕೈ ನನಗೆ ಬೇಕಾಗಿತ್ತು. ಅಷ್ಟು ಚೆನ್ನಾಗಿ ಓದಿದ್ದನ್ನು ವಾಪಸು ತೆಗೆದುಕೊಳ್ಳಲು ಮನಸ್ಸಿರಲಿಲ್ಲ. ನಾಳೆ ಹೇಳಿದರಾಯಿತು ಎಂದುಕೊಂಡೆ. ನಾಳೆಗಳು ಕಳೆದವು, ಅವ್ವ ದಿನಕ್ಕೆ ಎಂಟು ಖೇಪು ನೀರು ತಂದಳು.

ಆಮೇಲೆ ನಾನು ಆಳಂದಕ್ಕೆ ಓದಲು ಹೋದೆ, ಮಾಸ್ತರಿಕೆ ಸಿಕ್ಕಿತು, ಮದುವೆಯಾಯಿತು. ಊರಿಗೆ ನಳದ ನೀರು ಬಂತು. ಅಪ್ಪ ತೀರಿಕೊಂಡ; ಇವತ್ತಿಗೂ ಊರಿನಲ್ಲಿ ಅವನನ್ನು ದಿನಾ ಪೇಪರ್ ಓದುತ್ತಿದ್ದ ದೊಡ್ಡ ಮನುಷ್ಯ ಎಂದೇ ನೆನೆಯುತ್ತಾರೆ. ರಜೆಗೆ ಹೋದಾಗೆಲ್ಲ ಅವ್ವ ನೆಲದ ಮೇಲೆ ಒಂದೇ ಮಗ್ಗುಲಿಗೆ ಕೂರುವುದನ್ನು, ಏಳುವಾಗ ಗೋಡೆ ಹಿಡಿಯುವುದನ್ನು, ಕೆಮ್ಮು ಬಂದರೆ ಎದ್ದು ಹಿತ್ತಲಿಗೆ ಹೋಗುವುದನ್ನು ನೋಡುತ್ತಿದ್ದೆ. ಕೇಳಿದರೆ ವಯಸ್ಸಾಯಿತು ಎನ್ನುತ್ತಿದ್ದಳು. ನಾನು ನಂಬಿದೆ. ನಂಬುವುದು ನನಗೆ ಅನುಕೂಲವಾಗಿತ್ತು.

ಹೋದ ವರ್ಷ ಅವಳಿಗೆ ನಿಲ್ಲಲೂ ಆಗದಂತಾದಾಗ ತಮ್ಮ ಕಾಗದ ಬರೆದ. ನಾನೇ ಹೋಗಿ ಗುಲಬರ್ಗಾದ ಲೇಡಿ ಡಾಕ್ಟರರ ಬಳಿ ಕರೆದುಕೊಂಡು ಹೋದೆ. ಅವರು ಪರೀಕ್ಷೆ ಮಾಡಿ ಪರದೆಯಿಂದ ಈಚೆ ಬಂದು ಕೈ ತೊಳೆಯುತ್ತ, ಗರ್ಭಚೀಲ ಪೂರ್ತಿ ಜಾರಿದೆ, ತೆಗೆಯದೆ ದಾರಿಯಿಲ್ಲ, ಇಷ್ಟು ದಿನ ಹೇಗೆ ತಡೆದುಕೊಂಡಿರಿ ಎಂದು ಅವ್ವನನ್ನು ಕೇಳಿದರು. ಯಾವಾಗಿನಿಂದ ಎಂದು ಕೇಳಿದರು.

“ಸಣ್ಣ ಮಗ ಹುಟ್ಟಿದ ವರ್ಷದಿಂದರಿ.”

ತಮ್ಮ ಆ ಹೊತ್ತಿಗೆ ಕಾಲೇಜಿಗೆ ಹೋಗುತ್ತಿದ್ದ. ಹೆರಿಗೆಯಾದ ಮೇಲೆ ಭಾರ ಹೊತ್ತಿರಾ ಎಂದು ಡಾಕ್ಟರು ಕೇಳಿದರು. ತಾಮ್ರದ ಕೊಡ ಎಂದಳು ಅವ್ವ, ದಿನಕ್ಕೆಷ್ಟು ಖೇಪು ಎಂಬುದನ್ನೂ ಹೇಳಿದಳು. ಆಗ ಪ್ಲಾಸ್ಟಿಕ್ ಕೊಡ ಬಂದಿರಲಿಲ್ಲವೇ ಎಂದರು ಡಾಕ್ಟರು. ಇತ್ತು ಎಂದಳು. ಮತ್ತೆ ಯಾಕೆ ಎಂದದ್ದಕ್ಕೆ ಅವ್ವ ನನ್ನ ಕಡೆ ಕೈ ತೋರಿಸಿದಳು.

“ಕೂಸಿಗೆ ವಿಷ ಹೋಗ್ತದಂತ ಪೇಪರಿನಾಗ ಬಂದಿತ್ತರಿ. ನನಗ ಓದಾಕ ಬರಂಗಿಲ್ಲ. ಈಕಿ ಓದಿ ಹೇಳಿದ್ಳು. ಸಣ್ಣಾಕಿ ಇದ್ದಾಗಿಂದ ಭಾಳ ಶಾಣ್ಯಾ ಅದಾಳ್ರಿ.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಮಗಳ ಮೇಲಿನ ಹೆಮ್ಮೆಯೇ ಇದ್ದಂತಿತ್ತು. ಡಾಕ್ಟರು ನಕ್ಕು ಚೀಟಿ ಬರೆಯತೊಡಗಿದರು. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡುತ್ತ ಕೂತೆ.

ಪ್ಲಾಸ್ಟಿಕ್ ಒಳ್ಳೆಯದೋ ಕೆಟ್ಟದ್ದೋ ನನಗೆ ಇವತ್ತಿಗೂ ಗೊತ್ತಿಲ್ಲ. ಒಂದು ವಾರ ವಿಷ, ಒಂದು ವಾರ ಅಮೃತ ಎಂದು ಬರೆಯುವವರಿಗೂ ಗೊತ್ತಿದೆ ಎಂದು ನನಗನ್ನಿಸುವುದಿಲ್ಲ. ಅಷ್ಟು ವರ್ಷ ಅಷ್ಟು ಪೇಪರ್ ಓದಿದೆನಲ್ಲ, ತುಂಬಿದ ತಾಮ್ರದ ಕೊಡ ಹೊತ್ತ ಹಸಿ ಬಾಣಂತಿಗೆ ಏನಾಗುತ್ತದೆ ಎಂದು ಯಾವ ಪುಟದಲ್ಲೂ ಯಾರೂ ಬರೆಯಲಿಲ್ಲ. ಆ ಬರೆಯುವವರಲ್ಲಿ ಯಾರೂ ಎಂದೂ ಹಳ್ಳ ಇಳಿದು ಹತ್ತಿ ನೀರು ತಂದವರಲ್ಲ. ಆ ಸಿಟ್ಟು ನನಗೆ ಹೋಗಿಲ್ಲ, ಹೋಗುವುದೂ ಬೇಡ. ಪ್ಲಾಸ್ಟಿಕ್ ಕೊಡ ಮೂಲೆಗಿಟ್ಟ ಆ ಮೂರ್ನಾಲ್ಕು ಮನೆಯ ಹೆಂಗಸರ ಮೈಗೆ ಏನಾಯಿತೋ ತಿಳಿಯದು. ಹೋಗಿ ಕೇಳುವ ಧೈರ್ಯ ನನಗಿಲ್ಲ.

ಆಪರೇಷನ್ ಮುಗಿಸಿ ಹತ್ತು ದಿನದ ಮೇಲೆ ಅವ್ವನನ್ನು ಬಿಟ್ಟರು. ಬಸ್‌ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಆಳಂದದ ಬಸ್ಸಿಗೆ ಕಾಯುತ್ತ ಕೂತಿದ್ದೆವು. ನಡುವೆ ಅವಳ ಬಟ್ಟೆಯ ಚೀಲ. ಶೇಂಗಾ ಮಾರುವವನು ಪೇಪರಿನ ಪೊಟ್ಟಣ ಕಟ್ಟಿ ಕೊಟ್ಟ. ಅವ್ವ ಶೇಂಗಾ ಸೆರಗಿಗೆ ಸುರುವಿಕೊಂಡು ಕಾಗದವನ್ನು ನನಗೆ ಕೊಟ್ಟಳು, ಹಳೆಯ ರೂಢಿಯಂತೆ. ನನಗೆ ಇನ್ನು ತಡೆಯಲಾಗಲಿಲ್ಲ. ಅವ್ವಾ, ಆ ಸುದ್ದಿಯ ಉಳಿದರ್ಧ ಬೆಲ್ಲದ ಪೊಟ್ಟಣದಲ್ಲಿ ಬಂದಿತ್ತು, ನಾನು ಓದಿದ್ದೆ ಎಂದೆ. ಅದರಲ್ಲಿ ಏನಿತ್ತು ಎಂಬುದನ್ನೂ ಹೇಳಿದೆ. ಅವಳು ಶೇಂಗಾ ಸಿಪ್ಪೆ ಬಿಡಿಸುತ್ತಲೇ ಇದ್ದಳು.

“ನೀ ಓದಿ ಒಲಿಗಿ ಹಾಕಿದ್ದು ನೋಡೇನಿ,” ಎಂದಳು. “ಒಲಿ ಮುಂದ ನಾನ ಕೂತಿದ್ದೆಲ್ಲ. ಅದರಾಗ ಏನೋ ಅದ ಅಂತ ನಿನ್ನ ಮಾರಿ ನೋಡಿನ ಗೊತ್ತಾತು. ಹೇಳ್ತಿ ಅಂತ ಕಾಯ್ದೆ.”

ಬಸ್ಸು ಬಂತು. ಜನ ಬಾಗಿಲಿಗೆ ನುಗ್ಗಿದರು. ಅವ್ವ ಬೆಂಚಿಗೆ ಕೈಯೂರಿ ಮೆಲ್ಲಗೆ ಎದ್ದು, ಸೆರಗಿನ ಸಿಪ್ಪೆ ಕೊಡವಿಕೊಂಡು ನನ್ನ ಕಡೆ ತಿರುಗಿದಳು.

“ಚೀಲ ನೀ ಹೊರು. ಇನ್ನ ವಜ್ಜಿ ಎತ್ತಬ್ಯಾಡ ಅಂದಾರ ಡಾಕ್ಟರು.”